ತುದಿ ಕತ್ತರಿಸಿದ ಎಲೆ

ಗೋಧಿ ಸಂಶೋಧನಾ ಕೇಂದ್ರದ ಗಾಜಿನ ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿಯಕ್ಕ ಎಂದೇ. ಗೋಧಿಯ ಕಾಡು ನೆಂಟರನ್ನು ಕುಂಡಗಳಲ್ಲಿ ಬೆಳೆಸಿ, ಎಲೆಗಳಿಗೆ ತುಕ್ಕುರೋಗ ಹತ್ತಿಸುವ ಪುಡಿ ಉಜ್ಜಿ, ಯಾವ ಗಿಡಕ್ಕೆ ರೋಗ ಹತ್ತುವುದಿಲ್ಲ ಎಂದು ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದಳು. ಅಂಥದ್ದು ಸಿಕ್ಕರೆ ಅದರ ರೋಗ ತಡೆಯುವ ಗುಣವನ್ನು ನಾವು ತಿನ್ನುವ ಗೋಧಿಗೆ ತರಬಹುದು. ಹೊಸ ಬಗೆಯ ತುಕ್ಕು ಕಾಣಿಸಿಕೊಂಡ ಮೇಲೆ ಒಂದೇ ಒಂದು ಗಿಡವೂ ಅದಕ್ಕೆ ಜಗ್ಗದೆ ನಿಂತಿರಲಿಲ್ಲ.

ಉಜ್ಜಿದ ಎಲೆಯ ತುದಿಯನ್ನು ಅವಳು ಚೂರು ಕತ್ತರಿಸಿಬಿಡುತ್ತಿದ್ದಳು. ಯಾವುದು ಮುಗಿಯಿತು, ಯಾವುದು ಬಾಕಿ ಎಂಬ ಗುರುತಿಗೆ ಅವಳೇ ಮಾಡಿಕೊಂಡ ಉಪಾಯ ಅದು.

ಮಗಳ ಬಾಣಂತನ ಮುಗಿಸಿ ತಿಂಗಳ ಮೇಲೆ ಬಂದರೆ, ನೂರಹನ್ನೆರಡನೆಯ ಕುಂಡದ ಜಾಗ ಖಾಲಿ.

"ಅದಾ? ಒಂದು ಚುಕ್ಕೆನೂ ಬಂದಿರ್ಲಿಲ್ಲ. ನೀನು ಉಜ್ಜೋದು ಮರ್ತಿದ್ದೀಯ ಅಂತ ನಿನ್ನೆ ಎಸೆಸಿದೆ ನೋಡಮ್ಮ," ಎಂದ ಹೊಸ ವಿಜ್ಞಾನಿ. ದಾಖಲೆ ಪುಸ್ತಕದಲ್ಲೂ ಬರೆದಿದ್ದ: 'ಕೆಲಸದವಳ ಅಲಕ್ಷ್ಯ. ಪರೀಕ್ಷೆ ರದ್ದು.'

ಅವಳ ಮೈಯೆಲ್ಲ ಉರಿದುಹೋಯಿತು. ಯಾವ ಗಿಡಕ್ಕಾಗಿ ಇಡೀ ಕೇಂದ್ರ ಬಾಯಿಬಾಯಿ ಬಿಡುತ್ತಿತ್ತೋ ಅದು ಎದುರಿಗೇ ನಿಂತಾಗ ಈ ಮಹಾಶಯನಿಗೆ ಕಂಡದ್ದು ಅವಳ ಮರೆವು! ಅವನು ಗಿಡ ಎಸೆದದ್ದು ಮಾತ್ರ ತಪ್ಪೇ ಅಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲವಲ್ಲ.

ಹಿತ್ತಲ ಗೊಬ್ಬರದ ಗುಂಡಿಗಿಳಿದು, ಕೈಯಲ್ಲೇ ಕೆದಕತೊಡಗಿದಳು. ಕಾಡು ಗೋಧಿಯ ತೆನೆ ಮಾಗಿದರೆ ತಾನೇ ಉದುರುತ್ತದೆಂದು ಹೊರಡುವ ಮುಂಚೆ ತೆನೆಗಳಿಗೆಲ್ಲ ಕಾಗದದ ಚೀಲ ಕಟ್ಟಿ ಹೋಗಿದ್ದಳು. ಗಿಡ ಸಿಕ್ಕಾಗ ಸಂಜೆಯಾಗಿತ್ತು. ಚೀಲಗಳು ಹರಿದು ತೆನೆಗಳು ಬೋಳಾಗಿದ್ದವು. ಒಂದು ಚೀಲದ ಮೂಲೆಯಲ್ಲಿ ಆರು ಕಾಳು ಉಳಿದಿದ್ದವು.

ಕೆಸರುಗಾಲಲ್ಲೇ ಒಳಗೆ ಹೋಗಿ ಗಿಡದ ಬಾಡಿದ ಎಲೆಗಳನ್ನು ಅವನ ಮೇಜಿನ ಮೇಲೆ ಹರಡಿದಳು.

"ತುದಿ ನೋಡಿ ಸಾರ್. ಆಮೇಲೆ ಬೇರೆ ಕುಂಡದ್ದೂ ನೋಡ್ಕೊಂಡು ಬನ್ನಿ."

ಅವನು ಎದ್ದು ಹೋಗಿ ಸಾಲುಸಾಲು ನೋಡಿದ. ತುಕ್ಕು ಹಿಡಿದ ಎಲೆಗಳ ತುದಿಯೆಲ್ಲ ಮೇಜಿನ ಮೇಲಿದ್ದವುಗಳ ಹಾಗೇ ಕತ್ತರಿಸಿತ್ತು. ವಾಪಸ್ ಬಂದಾಗ ಅವನ ದನಿ ಇಳಿದಿತ್ತು.

"ಬೀಜ ಸಿಕ್ತಾ?"

"ಆರು."

"ಸದ್ಯ, ನಮ್ಮ ಅದೃಷ್ಟ," ಎಂದು ಕೈ ಚಾಚಿದ.

ಅವಳು ಮುಷ್ಟಿ ಬಿಚ್ಚಲಿಲ್ಲ. "ಅದೃಷ್ಟ ಅಲ್ಲ ಸಾರ್, ಕತ್ತರಿ. ಮೊದಲು ಪುಸ್ತಕದಲ್ಲಿ ಬರೆದ ಆ ಸಾಲು ಹೊಡೆದುಹಾಕಿ."

ಅವನು ಪೆನ್ನಿಗೆ ತಡಕಾಡಿದ. ಅವಳೇ ತನ್ನ ಜೇಬಿನಿಂದ ತೆಗೆದು ಕೊಟ್ಟಳು. ಸಾಲು ಹೊಡೆದು, ಮೇಲೆ 'ಉಜ್ಜಿದೆ, ರೋಗವಿಲ್ಲ' ಎಂದು ಅವನು ಬರೆದು ಮುಗಿಸಿದ ಮೇಲೆ, ಕಾಳುಗಳನ್ನು ಒಂದೊಂದಾಗಿ ಅವನ ಅಂಗೈಗೆ ಹಾಕಿದಳು.