ಜಲ್ಲಿ ಕ್ರಷರ್ ನಿಂತ ಮೇಲೆ

ಕಾರ್ಖಾನೆಗಳ ಹೊಗೆ, ಧೂಳು ತಪಾಸಣೆ ಮಾಡುವ ಸರ್ಕಾರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಆಲೂರಿನಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ಪಕ್ಕದ ಮನೆಯ ಅಕ್ಕ ದಿನಾ ಸಂಜೆ ಕರೆದು ಮಾತಾಡಿಸುತ್ತಿದ್ದರು. ಊರಲ್ಲಿ ನನಗಿದ್ದ ಒಡನಾಟ ಅದೊಂದೇ. ಅವರ ಗಂಡ ಜಲ್ಲಿ ಕ್ರಷರ್‌ನಲ್ಲಿ ಲಾರಿ ಓಡಿಸುತ್ತಿದ್ದರು.

ಅದೇ ಕ್ರಷರ್‌ನ ಪರವಾನಗಿ ನವೀಕರಣಕ್ಕೆ ಬಂತು. ಹೋಗಿ ನೋಡಿದರೆ ಧೂಳಿಗೆ ನೀರು ಹೊಡೆಯುವ ಪೈಪುಗಳೇ ಒಣಗಿದ್ದವು. ಪಕ್ಕದ ತೋಟದ ಕಾಫಿ ಎಲೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಕಂಡದ್ದನ್ನೇ ಬರೆದೆ. ಕ್ರಷರ್ ನಿಂತಿತು.

ಆಮೇಲೆ ಅಕ್ಕ ಕರೆಯಲಿಲ್ಲ. ವಾರ ಕಳೆದು ನಾನೇ ಹೋದೆ.

"ನೀನು ಬರ್ದಿದ್ದು ಸುಳ್ಳಲ್ಲ ಕಣವ್ವ. ಧೂಳಿಗೆ ನಮ್ಮನೆಯವ್ರೂ ಕೆಮ್ತಿದ್ರು. ಆದ್ರೆ ಈಗ ಕೆಲಸ ಇಲ್ದೆ ಕೂತವ್ರೆ," ಎಂದು ಬಾಗಿಲು ಮೆಲ್ಲಗೆ ಮುಂದೆ ಮಾಡಿದರು.

ತಪ್ಪು ಬರೆದೆನೆಂದು ನನಗೆ ಇವತ್ತಿಗೂ ಅನಿಸಿಲ್ಲ. ಆದರೂ ಅವತ್ತು ಆ ಜಗಲಿಯಿಂದ ಇಳಿಯಲು ಬಹಳ ಹೊತ್ತು ಹಿಡಿಯಿತು.