ಕಂಪ್ಯೂಟರಿನ ಪ್ರಾರ್ಥನೆ

ಮೊರಬದ ಬಸ್ಸಿಗೆ ಕಾಯುವವರನ್ನು ನೀವೂ ಗಮನಿಸಿರಬಹುದು: ನೋಡಿದಷ್ಟೂ ಬೇಗ ಬಂದೀತೆಂಬ ಭ್ರಮೆಯಲ್ಲಿ, ಬಾರದ ಬಸ್ಸಿನ ದಿಕ್ಕಿಗೇ ಕತ್ತು ನೀಡಿ ನಿಂತಿರುತ್ತಾರೆ. ಕಾನ್ವೆಂಟಿನ ಸಿಸ್ಟರುಗಳಿಂದ ‘ಪೇಷನ್ಸ್’ ಎಂಬ ಸದ್ಗುಣವನ್ನು ಕಂಠಪಾಠ ಮಾಡಿದ ನಾನೂ ಆ ಸಾಲಿನವಳೇ. ನಿವೃತ್ತಿಯ ಹೊಸ್ತಿಲಲ್ಲಿ, ನವಲಗುಂದ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಗೆ ಹೆಡ್‌ಮಿಸ್ಟ್ರೆಸ್ ಆಗಿದ್ದಾಗ, ಈ ಕತ್ತನ್ನು ಕಂಪ್ಯೂಟರಿನ ಮುಂದೆಯೂ ನೀಡಿ ಕೂತಿದ್ದೆ.

ಶಾಲೆಗಿದ್ದುದು ಅದೊಂದೇ ಕಂಪ್ಯೂಟರು. ಅದರ ಕೋಣೆಗೆ ಚಪ್ಪಲಿ ಬಿಟ್ಟೇ ಪ್ರವೇಶ. ಗಣಿತದ ಟೀಚರ್ ಸುಮಿತ್ರಾ, ಗಂಡ ತೀರಿಕೊಂಡ ವರ್ಷ ಹಟ ಹಿಡಿದು ಪ್ರೋಗ್ರಾಮ್ ಬರೆಯಲು ಕಲಿತವಳು. ಯಂತ್ರ ಶುರುವಾದೊಡನೆ ಚುಕ್ಕೆಚುಕ್ಕೆಯಾಗಿ ಒಂದು ದೀಪ, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಸರಸ್ವತಿಯ ಪ್ರಾರ್ಥನೆ ಮೂಡುವಂತೆ ಮಾಡಿದ್ದಳು. ಹುಡುಗಿಯರು ಕೈಮುಗಿದು ಅದನ್ನು ಓದುತ್ತಿದ್ದರು.

ಹುಬ್ಬಳ್ಳಿಯ ಮೆಕ್ಯಾನಿಕ್ ಬಂದು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಹೋದ ಮೇಲೆ ಯಂತ್ರ ಸಿದ್ಧವಾಗುವ ಹೊತ್ತಿಗೆ ಅರ್ಧ ಪೀರಿಯಡ್ ಕರಗಿರುತ್ತಿತ್ತು. ಶಾಲಾ ಸಮಿತಿಯ ಅಧ್ಯಕ್ಷರು ಬಂದು ನೋಡಿದರು.

“ಏನ್ರಿ ಬಾಯಾರ, ನಿಮ್ಮ ಮಷಿನ್ ಅಗದಿ ಹೊಸಾ ಅಳಿಯನಂಗ ಏಳತೈತಲ್ಲ! ಈ ತಿಂಗಳದಾಗ ನೆಟ್ಟಗಾಗಲಿಲ್ಲಂದ್ರ ಗಂಡುಹುಡುಗರ ಸಾಲಿಗೆ ಕಳಿಸೂದ.”

ನಾನು ಕೀಲಿಮಣೆಯ ಧೂಳು ಊದಿದೆ, ಲೈನ್‌ಮನ್‌ನನ್ನು ಕರೆಸಿ ವೋಲ್ಟೇಜ್ ನೋಡಿಸಿದೆ. ‘ಕಮ್ ಆನ್, ಡಿಯರ್’ ಎಂದೂ ಗೋಗರೆದೆ. ಜಡವಸ್ತು ಜಗ್ಗಲಿಲ್ಲ. ಕೊನೆಗೆ ಮೆಕ್ಯಾನಿಕ್‌ನನ್ನೇ ಮತ್ತೆ ಕರೆಸಿದೆವು. ಯಂತ್ರ ಎದ್ದೊಡನೆ ಮಾಡಬೇಕಾದ ಕೆಲಸಗಳ ಆಜ್ಞೆಗಳನ್ನು ಅವನು ಪರದೆಯ ಮೇಲೆ ತೆರೆದಾಗ ಸುಮಿತ್ರಾ ಬಾಗಿ ನೋಡಿದಳು.

“ನನ್ನ ದೀಪ ಎರಡೆರಡು ಸಲ ಯಾಕ ಅದ ತಮ್ಮಾ?”

“ಹೊಸಾ ಸಿಸ್ಟಮ್ಮಿನ್ಯಾಗ ಒಂದ್ ಹಾಕಿದೆರಿ, ಹಳೇದರ ಮ್ಯಾಲೇ ಮೂಡತೈತಿ. ಹಳೇದು ತಗೀಬೇಕಾಗಿತ್ತು, ಕೈ ಬರಲಿಲ್ಲರಿ. ದೇವರ ಹೆಸರೈತಿ, ಒರಸೂದು ಹ್ಯಾಂಗ್ರಿ?”

ನಮಗೆ ನಗು ಬರಲಿಲ್ಲ. ಪಾಟಿಯ ಮೇಲಿನ ಶ್ರೀಕಾರವನ್ನು ಕಣ್ಣಿಗೊತ್ತಿಕೊಳ್ಳದೆ ಅಳಿಸಿದವರು ನಮ್ಮಲ್ಲಿ ಯಾರಿದ್ದಾರೆ? ಹಳೆಯದನ್ನು ತೆಗೆಸಿದೆವು. ಆದರೂ ಹೊಸ ಸಿಸ್ಟಮ್ಮಿನಲ್ಲಿ ದೀಪ ತೆವಳುತ್ತಲೇ ಮೂಡಿತು.

“ಇದೂ ಹೋಗಲಿ,” ಎಂದಳು ಸುಮಿತ್ರಾ.

“ಒಂದಾದ್ರೂ ಇರಲಿ ಬಿಡ ಸುಮಿತ್ರಾ. ಎಷ್ಟ ಕಷ್ಟಪಟ್ಟು ಮಾಡೀ.”

“ಬ್ಯಾಡ್ರಿ ಬಾಯಾರ. ಮಷಿನ್ ಹೋದ್ರ ಹುಡುಗ್ಯಾರು ಯಾವುದರ ಮ್ಯಾಲ ಕಲೀಬೇಕು? ನನ್ನ ದೀಪ ನನಗ ಗೊತ್ತದ.”

ಪರದೆಗೆ ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಆಮೇಲೆ ತಾನೇ ಕೀಲಿ ಒತ್ತಿದಳು. ಅಷ್ಟು ಶ್ರಮದ ದೀಪ ಆರಲು ನಿಮಿಷವೂ ಹಿಡಿಯಲಿಲ್ಲ.

ಯಂತ್ರ ನಮ್ಮಲ್ಲೇ ಉಳಿಯಿತು. ಮರುದಿನ ಸ್ವಿಚ್ ಹಾಕಿದೊಡನೆ ಸಿದ್ಧವಾಯಿತು. ಹುಡುಗಿಯರಿಗೆ ಏನೂ ತಿಳಿಯದು. ರೂಢಿಯಂತೆ ಕೈಮುಗಿದು, ಬರಿಯ ಪರದೆಯತ್ತ ಕತ್ತು ನೀಡಿ ತುಸು ಹೊತ್ತು ನಿಂತರು. ಆಮೇಲೆ ಯಾರೋ ಒಬ್ಬಳು ಶುರುಮಾಡಿದಳು, ಎಲ್ಲರೂ ದನಿಗೂಡಿಸಿದರು. ಪ್ರಾರ್ಥನೆ ಅವರಿಗೆ ಬಾಯಿಪಾಠವಾಗಿತ್ತು. ಸುಮಿತ್ರಾ ತಡೆಯಲಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಕರ್ಸರ್ ಒಂದೇ ಸಮನೆ ಮಿಣುಕುತ್ತಿತ್ತು; ಅವರು ಮುಗಿಸುವವರೆಗೆ, ಮೊದಲ ಸಲ ಯಂತ್ರವೇ ನಮಗಾಗಿ ಕಾದಿತ್ತು.