ವ್ಯಾಸರಾಜರು ಆಟಗಾರನನ್ನು ನೋಡಲು ಹೋದದ್ದು

ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದು ನಿವೃತ್ತರಾದ ವ್ಯಾಸರಾಜರಿಗೆ ಸೇಲಂನಲ್ಲಿ ಎರಡು ಹೆಸರಿದ್ದವು. ಮನೆಯಿರುವ ಬೀದಿಯಲ್ಲಿ ಅವರು ಟಿಟಿಆರ್ ಮಾಮ. ಬ್ಯಾಸ್ಕೆಟ್‌ಬಾಲ್ ಅಂಗಳದ ಪಕ್ಕದ ಟೀ ಅಂಗಡಿಯಲ್ಲಿ ಕೋಚ್ ಸಾರ್. ಅವರು ಯಾರಿಗೂ ಯಾವತ್ತೂ ಕೋಚ್ ಆಗಿರಲಿಲ್ಲ. ಕಾಲೇಜಿನ ತಂಡದಲ್ಲಿ ಇದ್ದರು ಎನ್ನುವುದು ನಿಜ, ಆದರೆ ಬೆಂಚಿನ ಮೇಲೆ ಇದ್ದರು. ಅಂದಿನಿಂದ ಇಂದಿನವರೆಗೆ ಬೆಂಚು ಬದಲಾಗಿತ್ತೇ ಹೊರತು ಕೂತ ಭಂಗಿ ಬದಲಾಗಿರಲಿಲ್ಲ.

ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಹಣೆಯ ಗೋಪೀಚಂದನ ಆರುವ ಮೊದಲೇ ಫೋನಿನಲ್ಲಿ ಅಮೆರಿಕದ ಪಂದ್ಯ ಹಚ್ಚಿಕೊಂಡು ಕೂರುತ್ತಿದ್ದರು. ಅಲ್ಲಿನ ತಜ್ಞರು ಹೇಳಿದ್ದನ್ನು ಸಂಜೆ ಟೀ ಅಂಗಡಿಯಲ್ಲಿ ತಮ್ಮ ಮಾತಾಗಿ ಹೇಳುತ್ತಿದ್ದರು. ಅದನ್ನು ಖಂಡಿಸಲು ಬ್ಯಾಂಕಿನಿಂದ ನಿವೃತ್ತರಾದ ಅವರ ಬಾಲ್ಯಸ್ನೇಹಿತ ಹರಿಪ್ರಸಾದ್ ಯಾವಾಗಲೂ ಸಿದ್ಧರಾಗಿರುತ್ತಿದ್ದರು. ಹರಿಪ್ರಸಾದರೂ ಅದೇ ತಜ್ಞರನ್ನೇ ಕೇಳುತ್ತಿದ್ದರು, ಸ್ವಲ್ಪ ತಡವಾಗಿ ಏಳುವುದರಿಂದ ಕೊನೆಯ ಭಾಗ ಮಾತ್ರ.

ಸೇಲಂನ ಕೆಲವು ವ್ಯಾಪಾರಿಗಳು ಸೇರಿ ಒಂದು ಲೀಗ್ ಕಟ್ಟಿದ್ದರು. ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಿಲ್ಲಿನ ಅರುಣಾಚಲಂ ಅವರದು ಕಂಜಮಲೈ ಕಿಂಗ್ಸ್, ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡ. ಅಮೆರಿಕದಲ್ಲಿರುವಂತೆ ಇಲ್ಲೂ ಹೊಸ ಹುಡುಗರನ್ನು ಡ್ರಾಫ್ಟ್ ಮೂಲಕ ಆರಿಸುವುದು, ಕೆಳಗಿರುವ ತಂಡಕ್ಕೆ ಮೊದಲ ಆಯ್ಕೆ ಎಂದು ನಿಯಮವಾಯಿತು. ಡ್ರಾಫ್ಟ್ ಎಂದರೆ ಬ್ಯಾಂಕಿನಲ್ಲಿ ತೆಗೆಸುವುದು ಎಂದಷ್ಟೇ ತಿಳಿದಿದ್ದ ಹರಿಪ್ರಸಾದರು ಒಂದು ವಾರ ಆ ಮಾತು ಬಂದಾಗಲೆಲ್ಲ ನಕ್ಕರು.

ಆಯ್ಕೆ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಎಡಪ್ಪಾಡಿಯ ನೇಕಾರರ ಮನೆಯ ಹುಡುಗ ಲಕ್ಷ್ಮಣನ್ ಎಷ್ಟು ದೂರದಿಂದ ಎಸೆದರೂ ಚೆಂಡು ರಿಂಗಿನೊಳಗೇ ಬೀಳುತ್ತಿತ್ತು. ಕಿಂಗ್ಸ್ ಅವನನ್ನೇ ಕರೆಯುತ್ತಾರೆಂದು ಅಭಿಮಾನಿಗಳು ಅವನ ಹೆಸರಿನ ಬ್ಯಾನರನ್ನೂ ಬರೆಸಿಟ್ಟಿದ್ದರು. ಅರುಣಾಚಲಂ ಮೈಕ್ ಹಿಡಿದು ಹೇಳಿದ ಹೆಸರು ಮಾತ್ರ ರವಿಶಂಕರ್. ಪಾಪಿರೆಡ್ಡಿಪಟ್ಟಿ ಕಡೆಯ ಹಳ್ಳಿಯ ಹುಡುಗ, ಹತ್ತೊಂಬತ್ತರ ವಯಸ್ಸು, ಉದ್ದನೆಯ ಕೈಗಳು. ಎದುರಾಳಿಯನ್ನು ತಡೆಯುವುದಷ್ಟೇ ಅವನ ಆಟ. ಚೆಂಡು ಕೈಗೆ ಬಂದರೆ ಬಿಸಿ ಪಾತ್ರೆ ಹಿಡಿದವನಂತೆ ಬೇಗ ಇನ್ನೊಬ್ಬರಿಗೆ ದಾಟಿಸಿಬಿಡುತ್ತಿದ್ದ.

ಟೀ ಅಂಗಡಿಯಲ್ಲಿ ಸೂತಕದ ಮನೆಯ ಕಳೆ ಬಂತು. "ಮುಡಿಂಜುದು. ಈ ವರ್ಷವೂ ನಮ್ಮ ಕಥೆ ಮುಗೀತು," ಎಂದರು ವ್ಯಾಸರಾಜರು.

"ನಾನೂ ಅದನ್ನೇ ಹೇಳ್ತಿದೀನಿ. ಪಾಯಿಂಟ್ ಹೊಡೆಯಕ್ಕೆ ಬರದವನನ್ನ ಇಟ್ಟುಕೊಂಡು ಏನು ಮಾಡೋದು?" ಎಂದರು ಹರಿಪ್ರಸಾದ್.

ಹರಿಪ್ರಸಾದರು ಒಪ್ಪಿದ್ದು ವ್ಯಾಸರಾಜರಿಗೆ ಕಸಿವಿಸಿಯಾಯಿತು. ಅವರಿಬ್ಬರೂ ಶಾಲೆಯ ಕಾಲದಿಂದ ಒಂದು ವಿಷಯದಲ್ಲೂ ಒಂದೇ ಕಡೆ ನಿಂತವರಲ್ಲ. ಟೀ ಒಂದು ಗುಟುಕು ಕುಡಿದು, ಗ್ಲಾಸನ್ನು ನೋಡುತ್ತ, "ಆದರೆ ಪೊಟೆನ್ಶಿಯಲ್ ಅಂತ ಒಂದು ಇದೆ ನೋಡು," ಎಂದರು.

"ಏನದು?"

"ಬೆಳೆಯೋ ಪೈರು ಮೊಳಕೆಯಲ್ಲೇ ಗೊತ್ತಾಗುತ್ತೆ. ಆ ಹುಡುಗನ ಕೈ ನೋಡಿದೆಯಾ? ಆಜಾನುಬಾಹು. ನಮ್ಮ ಪುರಾಣದಲ್ಲಿ ಅಂಥವರು ಸುಮ್ಮನೆ ಬರಲ್ಲ."

ಹೀಗೆ ವ್ಯಾಸರಾಜರು ರವಿಶಂಕರನ ಪಕ್ಷಕ್ಕೆ ಸೇರಿದರು. ವಾಟ್ಸಾಪ್ ಗುಂಪಿನಲ್ಲಿ ಯುದ್ಧ ನಡೆಯಿತು. ಕಾಲು ಚುರುಕು, ಆದರೆ ಮನಸ್ಸು ಮೆದು ಎಂದು ಒಬ್ಬರು. ಮನಸ್ಸು ಗಟ್ಟಿ, ಮಣಿಕಟ್ಟು ಮೆದು ಎಂದು ಇನ್ನೊಬ್ಬರು. ಹುಡುಗ ಆಡಿದ್ದನ್ನು ಅವರಲ್ಲಿ ಯಾರೂ ಪೂರ್ತಿ ನೋಡಿರಲಿಲ್ಲ. ಕೊನೆಗೆ ಹರಿಪ್ರಸಾದರು, ಅವನ ಮನೆತನವನ್ನು ನೋಡದೆ ಏನೂ ಹೇಳಲಾಗದು, ಅಮೆರಿಕದಲ್ಲಿ ಮೊದಲು ಅದನ್ನೇ ವಿಚಾರಿಸುತ್ತಾರೆ ಎಂದರು. ಭಾನುವಾರ ಇಬ್ಬರೂ ಹೋಗುವುದೆಂದಾಯಿತು. ಹುಡುಗ ಸೇಲಂನಲ್ಲೇ, ಟೀ ಅಂಗಡಿಯ ಪಕ್ಕದ ಅಂಗಳದಲ್ಲೇ ದಿನವೂ ಅಭ್ಯಾಸ ಮಾಡುತ್ತಿದ್ದ ಎಂಬುದು ಇಬ್ಬರಿಗೂ ಅಡ್ಡಿಯೆನಿಸಲಿಲ್ಲ.

ವ್ಯಾಸರಾಜರ ಹೆಂಡತಿ ಕಮಲಿನಿ, "ಮೊದಲನೇ ಸಲ ಒಬ್ಬರ ಮನೆಗೆ ಬರಿಗೈಲಿ ಹೋಗ್ತಾರೇನ್ರೀ?" ಎಂದು ಒಂದು ಚೀಲ ಮಾವಿನಹಣ್ಣು, ಮೇಲೆ ಎಲೆ ಅಡಿಕೆ, ಒಂದು ಮೊಳ ಮಲ್ಲಿಗೆ ಇಟ್ಟು ಕಳಿಸಿದರು. ಹರಿಪ್ರಸಾದರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದರು. ಬಸ್ಸು ಮಂಜವಾಡಿ ಕಣಿವೆ ದಾಟಿತು. ಪಾಪಿರೆಡ್ಡಿಪಟ್ಟಿಯಲ್ಲಿ ಇಳಿದು ಆಟೋ ಹಿಡಿದರು.

ರವಿಶಂಕರನ ತಂದೆ ಶಿವಣ್ಣ ಮರಗೆಣಸಿನ ಹೊಲದಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದ. ಹಣ್ಣು, ಹೂವು, ಬಿಳಿ ಪಂಚೆಗಳನ್ನು ಕಂಡು ನೆಟ್ಟಗೆ ನಿಂತ.

"ರವಿಶಂಕರ್ ಮನೆ ಇದೇನಾ? ಸೇಲಂನಿಂದ ಬಂದಿದೀವಿ. ಹುಡುಗನ ವಿಷಯ ಸ್ವಲ್ಪ ವಿಚಾರಿಸೋಣ ಅಂತ," ಎಂದರು ವ್ಯಾಸರಾಜರು.

"ಬನ್ನಿ ಸಾಮಿ, ಒಳಕ್ ಬನ್ನಿ. ಏನಮ್ಮೀ, ಚಾಪೆ ಆಕು," ಎಂದು ಶಿವಣ್ಣ ಹೆಂಡತಿಯನ್ನು ಕರೆದ. ವೆಂಕಟಲಕ್ಷ್ಮಮ್ಮ ಬಂದವರ ಕೈಯ ಹೂವನ್ನು ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಓಡಿದಳು. ಪಕ್ಕದ ಮನೆಯವರಿಗೆ ಹಿತ್ತಿಲಿನಿಂದಲೇ ಸುದ್ದಿ ಹೋಯಿತು. ಕಾಫಿ ಬರುವಷ್ಟರಲ್ಲಿ ಬಾಗಿಲ ಬಳಿ ನಾಲ್ಕಾರು ಹೆಂಗಸರು ನಿಂತಿದ್ದರು.

ವ್ಯಾಸರಾಜರು ಕನ್ನಡಕ ಏರಿಸಿ ಶುರುಮಾಡಿದರು. "ಹುಡುಗ ಇನ್ನೂ ಉದ್ದ ಬೆಳೀತಾನಾ?"

"ಅವ್ನ ತಾತ ಬಾಗ್ಲಾಗೆ ಬಗ್ಗಿ ಬರೋರು ಸಾಮಿ," ಎಂದ ಶಿವಣ್ಣ.

"ಕೈ ಕಾಲು ಯಾವತ್ತಾದರೂ ಮುರಿದಿತ್ತಾ?"

"ಅಯ್ಯೋ, ಅಂಥಾ ಐಬು ಒಂದೂ ಇಲ್ಲ."

"ಕೋಪ?"

"ಅವ್ನಿಗಾ? ಒಡುದ್ರೂ ಸುಮ್ಕಿರ್ತಾನೆ," ಎಂದಳು ಬಾಗಿಲ ಮರೆಯಿಂದ ವೆಂಕಟಲಕ್ಷ್ಮಮ್ಮ. ಆಮೇಲೆ ವ್ಯಾಸರಾಜರ ಗೋಪೀಚಂದನವನ್ನು ನೋಡುತ್ತ, "ಮೊಟ್ಟೆ ಮಾತ್ರ ತಿಂತಾನೆ. ನಿಮ್ಮೋರಿಗೆ ಆಗಾಕಿಲ್ಲ ಅಂದ್ರೆ ಬುಡಿಸ್ಬೋದು," ಎಂದಳು.

"ಬೇಡಮ್ಮ, ಬಿಡಿಸಬೇಡಿ. ದಿನಾ ಆರು ತಿನ್ನಲಿ," ಎಂದರು ಹರಿಪ್ರಸಾದ್.

ಬಾಗಿಲ ಬಳಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಸೇಲಂನ ಬ್ರಾಹ್ಮಣರು ಇಷ್ಟು ಮುಂದುವರಿದಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ.

ಶಿವಣ್ಣ ಗಂಟಲು ಸರಿಮಾಡಿಕೊಂಡು, "ನಿಮ್ ಕಡೆ ಎಂಗೆ ಸಾಮಿ ಮಾತುಕತೆ?" ಎಂದ.

"ಮಾತುಕತೆ ಏನೂ ಉಳಿದಿಲ್ಲ. ನಮ್ಮ ಅರುಣಾಚಲಂ ಅವರು ಆಗಲೇ ಹುಡುಗನ ಕೈಲಿ ಸೈನ್ ಹಾಕಿಸಿಕೊಂಡಿದಾರೆ. ಎರಡು ವರ್ಷಕ್ಕೆ," ಎಂದರು ವ್ಯಾಸರಾಜರು.

"ಎರಡ್ ವರ್ಸಕ್ಕಾ?"

"ಹೌದು. ಚೆನ್ನಾಗಿದ್ದರೆ ಮುಂದುವರಿಸೋದು. ಇಲ್ಲದಿದ್ದರೆ ಬೇರೆಯವರಿಗೆ ಬಿಟ್ಟುಕೊಡೋದು. ಬದಲಿಗೆ ಅವರ ಕಡೆಯಿಂದ ಒಬ್ಬನನ್ನ ತಗೊಳ್ಳೋದು."

ವೆಂಕಟಲಕ್ಷ್ಮಮ್ಮ ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟಳು. ಶಿವಣ್ಣ ಎದ್ದು ನಿಂತ. "ಉಡುಗಿ ಅಪ್ಪ ಅವ್ನೇನಾ ಆ ಅರುಣಾಚಲಂ? ಇದೆಂಥಾ ವಂಶ ಸಾಮಿ?"

"ಯಾವ ಹುಡುಗಿ?" ಎಂದರು ಹರಿಪ್ರಸಾದ್.

ತಾವು ಗಂಡು ನೋಡಲು ಬಂದವರಲ್ಲ ಎಂದು ಬಿಡಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. ಬಾಗಿಲ ಬಳಿಯ ಹೆಂಗಸರು ನಗುತ್ತ ಕೂತೇಬಿಟ್ಟರು. ಆದರೂ ಒಲೆಯ ಮೇಲಿಟ್ಟ ಪಾಯಸವನ್ನು ಇಳಿಸುವ ಹಾಗಿರಲಿಲ್ಲ. ಎಲ್ಲರೂ ಪಾಯಸ ಕುಡಿದರು. ಶಿವಣ್ಣನಿಗೆ ಒಂದು ವಿಷಯ ಮಾತ್ರ ಇನ್ನೂ ಅರ್ಥವಾಗಿರಲಿಲ್ಲ.

"ಪಂದು ಆಟ, ಅದೇ ಚೆಂಡಿನಾಟ, ಆಡಕ್ಕೆ ಓಗವ್ನೆ ಅಂತ ಗೊತ್ತು. ಅಲ್ಲಿ ಅವ್ನು ಏನ್ ಮಾಡ್ತಾನೆ?"

"ಡಿಫೆನ್ಸು. ಬೇರೆಯವರು ಚೆಂಡು ಹಾಕೋಕೆ ಬಂದರೆ ಬಿಡಲ್ಲ."

"ಇವ್ನು ಆಕ್ತಾನಾ?"

"ಇಲ್ಲ."

"ಚಿಕ್ಕೋನಾಗಿದ್ದಾಗ್ಲೂ ಅಂಗೇ," ಎಂದ ಶಿವಣ್ಣ. "ತಾನೂ ಮಾಡಾಕಿಲ್ಲ, ಮಾಡೋರ್ನೂ ಬುಡಾಕಿಲ್ಲ. ಅದುಕ್ಕೂ ಸೇಲಂನಾಗೆ ಸಂಬಳ ಕೊಡ್ತಾರಾ?"

ಈ ಮಾತನ್ನು ವ್ಯಾಸರಾಜರು ಮನೆಗೆ ಬಂದು ಹೆಂಡತಿಗೆ ಹೇಳಿದರು. ಕಮಲಿನಿ ಅವರು ಸೊಪ್ಪು ಬಿಡಿಸುತ್ತ, "ಹಾಗಾದರೆ ನಿಮ್ಮಿಬ್ಬರನ್ನೂ ಟೀಮಿಗೆ ತಗೋಬಹುದಿತ್ತು," ಎಂದರು.

ಮರುದಿನದಿಂದ ಟೀ ಅಂಗಡಿಯಲ್ಲಿ ವ್ಯಾಸರಾಜರ ಮಾತಿಗೆ ತೂಕ ಬಂತು. ಅವರು ಹುಡುಗನ ಅಜ್ಜನ ಎತ್ತರ ಬಲ್ಲವರು. ಪಾಯಸದ ರುಚಿಯ ಮೇಲೂ ಅವನ ಮುಂದಿನ ಆಟವನ್ನು ಊಹಿಸಬಲ್ಲವರಾಗಿದ್ದರು. ಹರಿಪ್ರಸಾದರು ಅದೇ ಪಾಯಸ ಕುಡಿದು ಬೇರೆಯದೇ ತೀರ್ಮಾನಕ್ಕೆ ಬಂದಿದ್ದರು. ಅಷ್ಟು ಸಿಹಿ ತಿಂದು ಬೆಳೆದವನಿಗೆ ಕೊನೆಯ ಭಾಗದಲ್ಲಿ ಉಸಿರು ಸಾಲದು ಎಂದು ಅವರ ವಾದ.

ಪಂದ್ಯಗಳು ಶುರುವಾದವು. ಮೊದಲನೆಯದರಲ್ಲಿ ರವಿಶಂಕರ್ ಒಂದೇ ಸಲ ರಿಂಗಿನ ಕಡೆಗೆ ಎಸೆದ. ಚೆಂಡು ಹಲಗೆಯನ್ನೂ ಮುಟ್ಟದೆ ಆಚೆ ಹೋಗಿ ಟೀ ಅಂಗಡಿಯ ಬಿಸ್ಕತ್ತಿನ ಡಬ್ಬಿಗೆ ಬಡಿಯಿತು. ಗುಂಪಿನಲ್ಲಿ ಅವನ ಬೆಲೆ ಬಿತ್ತು. ಎರಡನೆಯದರಲ್ಲಿ ಎದುರಾಳಿಯ ಕೈಯಿಂದ ಚೆಂಡು ಕಸಿದ, ಬೆಲೆ ಏರಿತು. ಲಕ್ಷ್ಮಣನನ್ನು ಆರಿಸಿಕೊಂಡಿದ್ದ ಎಡಪ್ಪಾಡಿಯ ತಂಡದ ಮೇಲೆ ಆಡುವ ದಿನ ಅಂಗಳ ತುಂಬಿತ್ತು. ಲಕ್ಷ್ಮಣನ್ ಎಲ್ಲಿ ಹೋದರೂ ರವಿಶಂಕರ್ ಅವನ ಮುಂದಿದ್ದ. ಲಕ್ಷ್ಮಣನ್ ನೀರು ಕುಡಿಯಲು ಹೋದಾಗಲೂ ಅರ್ಧ ದಾರಿ ಜೊತೆಗೆ ಹೋದ. ಆ ಕಡೆಯವರು ಪಾಯಿಂಟ್ ಹೊಡೆಯಲಿಲ್ಲ, ಈ ಕಡೆಯವರಿಗೂ ಹೊಡೆಯುವುದು ಅಷ್ಟಕ್ಕಷ್ಟೇ. ಕೊನೆಗೆ ಕಿಂಗ್ಸ್ ಒಂದೇ ಪಾಯಿಂಟಿನಿಂದ ಗೆದ್ದಿತು. ಆದರೆ ಅಷ್ಟು ಹೊತ್ತಿಗೆ ಜನ ಅರ್ಧಕ್ಕರ್ಧ ಎದ್ದು ಹೋಗಿದ್ದರು.

ಅರುಣಾಚಲಂ ಮುಖ ಕಹಿ ಮಾಡಿಕೊಂಡು ವ್ಯಾಸರಾಜರ ಪಕ್ಕದಲ್ಲಿ ಕೂತರು. "ಎನ್ನ ಸಾರ್ ಇದು? ಜೈಚ್ಚುಟ್ಟೋಂ, ಗೆದ್ವಿ, ಸರಿ. ಚಪ್ಪಾಳೆ ಇಲ್ಲ. ಜನ ಸಾವಿನ ಮನೆಯಿಂದ ಬಂದ ಹಾಗೆ ಹೋಗ್ತಿದಾರೆ. ನನ್ನ ಜವ್ವರಿಸಿ ಪ್ಯಾಕೆಟ್ಟಿನ ಮೇಲೆ ಇವನ ಫೋಟೋ ಹೇಗೆ ಹಾಕ್ಲಿ?"

ಡಿಫೆನ್ಸ್ ಇಲ್ಲದೆ ತಂಡ ಹಾಳಾಯಿತೆಂದು ಹಿಂದಿನ ವರ್ಷ ಗೋಳಾಡಿದ ಅಭಿಮಾನಿಗಳೇ ಈಗ ಡಿಫೆನ್ಸಿನಿಂದ ಆಟ ಹಾಳಾಯಿತೆಂದರು.

ಜನರನ್ನು ಮತ್ತೆ ಸೆಳೆಯಲು ಅರುಣಾಚಲಂ ಅಭಿಮಾನಿಗಳ ದಿನ ಎಂದು ಒಂದು ಸಂಜೆ ಇಟ್ಟರು. ಅಭಿಮಾನಿಗಳು ಆಟಗಾರರ ಎದುರು ಆಡಬಹುದು. ವ್ಯಾಸರಾಜರು ಪಂಚೆಯ ಬದಲು ಮಗನ ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಇಳಿದರು. ಜನ ಕೋಚ್ ಸಾರ್ ಎಂದು ಕೂಗಿದರು. ಬೇರೆ ಆಟಗಾರರು ನಗುತ್ತ ಹಿರಿಯರಿಗೆ ದಾರಿ ಬಿಟ್ಟುಕೊಟ್ಟು, ಅವರು ಚೆಂಡು ಹಾಕುವಾಗ ಫೋಟೋಗೆ ನಿಂತರು. ವ್ಯಾಸರಾಜರ ಎದುರಿಗೆ ಬಂದವನು ರವಿಶಂಕರ್. ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ, ಲಕ್ಷ್ಮಣನ್ ಎದುರು ನಿಂತ ಹಾಗೆಯೇ ನಿಂತ.

ವ್ಯಾಸರಾಜರು ಬಲಕ್ಕೆ ಹೋದರು, ಅವನಿದ್ದ. ಎಡಕ್ಕೆ ಹೋದರು, ಅಲ್ಲೂ ಅವನೇ. ಫೋನಿನಲ್ಲಿ ನೋಡುವಾಗ ಆಟಗಾರರ ನಡುವೆ ಎಷ್ಟೊಂದು ಜಾಗ ಕಾಣುತ್ತಿತ್ತು. ಇಲ್ಲಿ ಒಂದು ಎದೆ, ಎರಡು ಕೈ ಬಿಟ್ಟರೆ ಬೇರೇನೂ ಇರಲಿಲ್ಲ.

"ಸ್ವಲ್ಪ ಬಿಡೋ," ಎಂದರು ಮೆಲ್ಲಗೆ.

"ಬುಡಾಕೆ ಬರಾಕಿಲ್ಲ ಸಾರ್," ಎಂದ ಅವನು. ಅಹಂಕಾರವಿರಲಿಲ್ಲ. ಈಜಲು ಬರುವುದಿಲ್ಲ ಎನ್ನುವವರು ಹೇಳುವ ಹಾಗೆ ಹೇಳಿದ.

ವ್ಯಾಸರಾಜರ ಉಸಿರು ಮೇಲಕ್ಕೆ ಬಂತು. ಜನ ಮೊದಲು ನಕ್ಕರು, ಆಮೇಲೆ ಕತ್ತು ಚಾಚಿ ನೋಡತೊಡಗಿದರು. ಅವರು ಕೊನೆಗೆ ತಿರುಗಿ, ಬೆನ್ನು ಕೊಟ್ಟು, ಹೇಗೋ ಒಂದು ಹೆಜ್ಜೆ ಒಳಗೆ ನುಗ್ಗಿ ಎಸೆದರು. ಉದ್ದನೆಯ ಕೈ ಬಂದು ಚೆಂಡನ್ನು ಹೊಡೆದು ಹೊರಗೆ ಹಾಕಿತು. ರವಿಶಂಕರ್ ಅವರ ಭುಜ ಹಿಡಿದು, "ಆ ಎಜ್ಜೆ ಚೆನ್ನಾಗಿತ್ತು ಸಾರ್. ನಾನು ಲೇಟಾದೆ," ಎಂದ. ವ್ಯಾಸರಾಜರು ಬೆಂಚಿಗೆ ಮರಳಿದರು. ನಿವೃತ್ತರಾದ ಮೇಲೆ ತಮ್ಮನ್ನು ಇಷ್ಟು ಗಂಭೀರವಾಗಿ ಯಾರೂ ತೆಗೆದುಕೊಂಡಿರಲಿಲ್ಲ ಎಂದು ಅವರಿಗೆ ಅನ್ನಿಸಿತು.

ಅವರು ಮನೆ ಸೇರುವ ಮೊದಲೇ ಗುಂಪಿನಲ್ಲಿ ಹರಿಪ್ರಸಾದರ ವಿಶ್ಲೇಷಣೆ ಬಂದಿತ್ತು. ವಿಷಯ ವ್ಯಾಸರಾಜ. ಪಾದ ನಿಧಾನ. ಬಲಗೈ ಒಂದೇ ನಡೆಯುತ್ತದೆ. ಒತ್ತಡದಲ್ಲಿ ಬೇಡಿಕೊಳ್ಳುವ ಸ್ವಭಾವ. ಇನ್ನು ಬೆಳೆಯುವ ಲಕ್ಷಣವಿಲ್ಲ. ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದರು.

"ಇದೇನೇ ಹೀಗೆ ಬರೆದಿದಾನೆ?" ಎಂದು ವ್ಯಾಸರಾಜರು ಫೋನು ಹಿಡಿದುಕೊಂಡು ಅಡಿಗೆಮನೆಗೆ ಹೋದರು.

ಕಮಲಿನಿ ಓದಿದರು. "ನೀವು ಆ ಹುಡುಗನ ಬಗ್ಗೆ ಬರೆದದ್ದಕ್ಕಿಂತ ಚಿಕ್ಕದಾಗೇ ಇದೆ," ಎಂದು ಮೊಣಕಾಲಿಗೆ ಹಚ್ಚಲು ಎಣ್ಣೆ ಕಾಯಿಸಿ ಕೊಟ್ಟರು.

ಹತ್ತು ದಿನ ವ್ಯಾಸರಾಜರು ಟೀ ಅಂಗಡಿಯ ಕಡೆ ಸುಳಿಯಲಿಲ್ಲ. ಆಮೇಲೆ ಹರಿಪ್ರಸಾದರೇ ಮನೆಗೆ ಬಂದು, ನಿನ್ನ ಬಲಗೈ ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂದು ತಿದ್ದುಪಡಿ ಹೇಳಿ ಕರೆದುಕೊಂಡು ಹೋದರು.

ಆ ವರ್ಷ ಕಿಂಗ್ಸ್ ಮೂರನೆಯ ಸ್ಥಾನಕ್ಕೆ ಬಂತು. ಅರುಣಾಚಲಂ ಮಾತ್ರ ಚಪ್ಪಾಳೆ ಗಿಟ್ಟಿಸದ ರವಿಶಂಕರನನ್ನು ಎರಡನೆಯ ವರ್ಷಕ್ಕೆ ಉಳಿಸಿಕೊಳ್ಳದೆ ಬಿಟ್ಟುಕೊಟ್ಟರು. ಕೊಯಮತ್ತೂರಿನ ಒಂದು ದೊಡ್ಡ ತಂಡದ ತರಬೇತುದಾರರು ಎಡಪ್ಪಾಡಿ ಪಂದ್ಯದ ವಿಡಿಯೋ ನೋಡಿದ್ದರು. ಅವರು ಅವನಿಗೆ ಕೆಲಸ ಕೊಟ್ಟು ಕರೆಸಿಕೊಂಡರು. ಟೀ ಅಂಗಡಿಯಲ್ಲಿ ಎಲ್ಲರೂ, ನಾವು ಮೊದಲೇ ಹೇಳಿರಲಿಲ್ಲವೇ ಎಂದರು. ಹರಿಪ್ರಸಾದರು ಎಲ್ಲರಿಗಿಂತ ಜೋರಾಗಿ ಹೇಳಿದರು.

ಹೊರಡುವ ಹಿಂದಿನ ದಿನ ರವಿಶಂಕರ್ ವ್ಯಾಸರಾಜರ ಮನೆಗೆ ಬಂದ. ಕಮಲಿನಿ ಎಲೆ ಹಾಕಿ ಬಡಿಸಿದರು. ಅವನು ತಲೆ ತಗ್ಗಿಸಿ ಮೂರು ಸಲ ಸಾರು ಹಾಕಿಸಿಕೊಂಡು ಉಂಡ. ಎದುರಿಗೆ ಕೂತ ವ್ಯಾಸರಾಜರಿಗೆ ಹೇಳುವುದು ಬಹಳ ಇತ್ತು. ಮಣಿಕಟ್ಟು, ಕಾಲಿನ ಕೋನ, ರಿಂಗ್ ನೋಡುವ ಕ್ರಮ. ಅದೆಲ್ಲ ಬಿಟ್ಟು, "ಬೆಳಗಿನ ಗಾಡಿಯಲ್ಲಿ ಹೋದರೆ ಬಲಗಡೆ ಕಿಟಕಿ ಹಿಡಿ. ಎಡಗಡೆ ಈರೋಡಿನ ತನಕ ಬಿಸಿಲು ಹೊಡೆಯುತ್ತೆ. ಹಿಂದಿನ ಡಬ್ಬಿಗಳಲ್ಲಿ ಜನ ಕಡಿಮೆ," ಎಂದು ನಿಧಾನವಾಗಿ, ನಿಲ್ದಾಣ ನಿಲ್ದಾಣವಾಗಿ ವಿವರಿಸಿದರು.

ರವಿಶಂಕರ್ ಎಲ್ಲವನ್ನೂ ಕೇಳಿದ. ಕೈ ತೊಳೆದು ಬಂದು, "ನಾನು ಫ್ರೆಂಡ್ ಬೈಕ್ನಾಗೆ ಓಯ್ತಾ ಇವ್ನಿ ಸಾರ್," ಎಂದ.

"ಹಾಗಾದರೆ ಕಿವಿಗೆ ಬಟ್ಟೆ ಕಟ್ಟಿಕೋ," ಎಂದರು ವ್ಯಾಸರಾಜರು.